ಬಾಣಂತನಕ್ಕೆ ಇಸ್ತಾಂಬುಲಿಗೆ ಹೊರಟಿದ್ದೇನೆ: ಟರ್ಕಿಶ್ ಮಾತನ್ನು ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿದ್ದೇನೆ. ಮಗಳು, ಅಳಿಯ ಇಸ್ತಾಂಬುಲ್ ನಗರದ ಕಾದಿಕ್ಯೊಯ್ ಎಂಬಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಯಜಮಾನರೂ ಎರಡೂವರೆ ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುವವರಿದ್ದೇವೆ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಮಾತನಾಡುವ ರೂಢಿ ಇಲ್ಲ. ನಾವು ಶಾಕಾಹಾರಿಗಳು, ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ. ನೆರೆಹೊರೆ, ಸಂತೆ, ಔಷಧಿ ಅಂಗಡಿ ಇಷ್ಟಕ್ಕೆ ಸಾಕಾಗುವಷ್ಟು ಟರ್ಕಿಶ್ ಭಾಷೆಯನ್ನು ಉಳಿದಿರುವ ನಾಲ್ಕು ತಿಂಗಳಲ್ಲಿ ಕಲಿಯಬಹುದೇ? ಮೊದಲು ಇಂಗ್ಲಿಷನ್ನು ಸುಧಾರಿಸಿಕೊಂಡು ಆಮೇಲೆ ಇದಕ್ಕೆ ಕೈಹಾಕಬೇಕೇ?

ಉತ್ತರ: ಖಂಡಿತ ಕಲಿಯಬಹುದು, ಅದಕ್ಕಾಗಿ ಇಂಗ್ಲಿಷಿನ ಹೊಸ್ತಿಲು ದಾಟಿ ಹೋಗುವ ಅಗತ್ಯ ನಿಮಗಿಲ್ಲ. ಟರ್ಕಿಶ್ ಭಾಷೆಗೆ ಕನ್ನಡದಿಂದ ನೇರ ದಾರಿಯಿದೆ, ಇಂಗ್ಲಿಷಿನ ಮೂಲಕ ಹೋದರೆ ಅದು ಸುತ್ತುದಾರಿ. ಕನ್ನಡ ವ್ಯಾಕರಣವನ್ನು ಮೂವತ್ತು ವರ್ಷ ಕಲಿಸಿದ ನಿಮ್ಮಂಥವರಿಗಂತೂ ಈ ಭಾಷೆಯ ಅರ್ಧ ವ್ಯಾಕರಣ ಮೊದಲೇ ಗೊತ್ತಿದೆ.

ಇದನ್ನು ನಾನು ತಡವಾಗಿ ಕಂಡುಕೊಂಡೆ. ಇಂಗ್ಲಿಷಿನಲ್ಲಿದ್ದ ಒಂದು ಪಠ್ಯವನ್ನು ಹಿಡಿದು ಎಂಟು ತಿಂಗಳು ಕಷ್ಟಪಟ್ಟಿದ್ದೆ. ವಾಕ್ಯವನ್ನು ಹಿಂದುಮುಂದು ಮಾಡಿ ಕೂಡಿಸುವುದರಲ್ಲೇ ಮಾತು ನಿಂತುಹೋಗುತ್ತಿತ್ತು. ಒಂದು ಸಂಜೆ ಇಸ್ತಾಂಬುಲಿನಲ್ಲಿ, ಅಲ್ಲಿನವರು ‘ದೊಲ್ಮುಶ್’ ಎನ್ನುವ ಸಣ್ಣ ಬಾಡಿಗೆ ಬಂಡಿಯಲ್ಲಿ ಕುಳಿತಿದ್ದೆ. ದೊಲ್ಮುಶ್ ಎಂದರೆ ‘ತುಂಬಿದ್ದು’ ಎಂದರ್ಥ; ಜನ ತುಂಬಿದ ಮೇಲೆ ಹೊರಡುವುದರಿಂದ ಆ ಹೆಸರು. ಹಿಂದೆ ಕುಳಿತವರ ದುಡ್ಡು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುತ್ತ ಚಾಲಕನನ್ನು ಮುಟ್ಟಿ, ಚಿಲ್ಲರೆ ಅದೇ ಕೈಗಳಿಂದ ಹಿಂದಕ್ಕೆ ಬರುತ್ತಿತ್ತು. ಆಗ ಹಿಂದಿನಿಂದ ಒಬ್ಬ ಹೆಂಗಸು “ಇನೆಜೆಕ್ ವಾರ್!” ಎಂದಳು. ಇನ್ ಎಂದರೆ ಇಳಿ, ಇನೆಜೆಕ್ ಎಂದರೆ ಇಳಿಯುವ, ಇಳಿಯುವವರು. ವಾರ್ ಎಂದರೆ ಇದೆ, ಇದ್ದಾರೆ. “ಇಳಿಯುವವರಿದ್ದಾರೆ!” ನಮ್ಮೂರ ಬಸ್ಸಿನಲ್ಲಿ ದಿನವೂ ಕೇಳಿದ ಅದೇ ಮಾತು, ಅದೇ ಕ್ರಮದಲ್ಲಿ. ಅಂದಿನಿಂದ ಇಂಗ್ಲಿಷ್ ಪಠ್ಯವನ್ನು ಬದಿಗಿಟ್ಟು, ಪ್ರತಿ ವಾಕ್ಯವನ್ನೂ ಕನ್ನಡಕ್ಕೆ ಒರೆಹಚ್ಚಿ ನೋಡತೊಡಗಿದೆ.

ಎರಡು ಭಾಷೆಗಳಿಗೂ ರಕ್ತಸಂಬಂಧವಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡ ದ್ರಾವಿಡ, ಟರ್ಕಿಶ್ ತುರ್ಕಿಕ್ ಕುಟುಂಬದ್ದು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಅವರು ಇಂಥ ಹೋಲಿಕೆಗಳನ್ನು ಕಂಡು ನಂಟು ಇರಬಹುದೆಂದು ವಾದಿಸಿದ್ದರು. ಇಂದಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಆದರೆ ಕಲಿಯುವವರಿಗೆ ಬೇಕಾದದ್ದು ವಂಶಾವಳಿಯಲ್ಲ, ವಾಕ್ಯದ ಅಚ್ಚು. ಆ ಅಚ್ಚು ಎರಡರಲ್ಲೂ ಒಂದೇ. ಕರ್ತೃ ಮೊದಲು, ಕ್ರಿಯಾಪದ ಕೊನೆಗೆ. ವಿಭಕ್ತಿ ಪ್ರತ್ಯಯಗಳು ಪದದ ಬಾಲಕ್ಕೆ ಸೇರುತ್ತವೆ. ಎವ್ ಎಂದರೆ ಮನೆ. ಎವೆ ಎಂದರೆ ಮನೆಗೆ, ಎವ್‌ದೆ ಎಂದರೆ ಮನೆಯಲ್ಲಿ, ಎವ್‌ದೆನ್ ಎಂದರೆ ಮನೆಯಿಂದ. ‘ಮನೆ’ಗೆ ‘ಅನ್ನು’ ಸೇರುವಾಗ ನಡುವೆ ಯಕಾರ ಬಂದು ‘ಮನೆಯನ್ನು’ ಆಗುವಂತೆ, ಅರಬಾ (ಕಾರು) ಎಂಬ ಸ್ವರಾಂತ ಪದಕ್ಕೆ ಸ್ವರದ ಪ್ರತ್ಯಯ ಸೇರುವಾಗ ಅಲ್ಲಿಯೂ ಯಕಾರವೇ ಆಗಮವಾಗಿ ಅರಬಾಯಾ (ಕಾರಿಗೆ) ಎಂದಾಗುತ್ತದೆ. ಮಳೆ, ಕಾಲ ಸೇರಿ ಮಳೆಗಾಲವಾಗುವ ನಮ್ಮ ಆದೇಶ ಸಂಧಿಯ ನೆನಪೂ ಅಲ್ಲಿ ಬರುತ್ತದೆ: ಕಿತಾಪ್ ಎಂಬ ಪದಕ್ಕೆ ಸ್ವರ ಸೇರಿದರೆ ಕಿತಾಬಿ, ಕನತ್ ಎಂಬುದಕ್ಕೆ ಸೇರಿದರೆ ಕನದಿ. ನಮ್ಮಲ್ಲಿ ಉತ್ತರಪದದ ಮೊದಲಲ್ಲಿ ಆಗುವ ಮಾರ್ಪಾಡು ಅಲ್ಲಿ ಪೂರ್ವಪದದ ಕೊನೆಯಲ್ಲಿ ಆಗುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಕಡೆ ನಾವು ಹಿಂದಿ, ಇಂಗ್ಲಿಷ್ ಆಡುವವರಿಗಿಂತಲೂ ಮುಂದಿದ್ದೇವೆ. ‘ಇಲ್ಲ’ ಬೇರೆ, ‘ಅಲ್ಲ’ ಬೇರೆ ಎಂಬುದು ಕನ್ನಡದ ಮಗುವಿಗೂ ಗೊತ್ತು. ಟರ್ಕಿಶ್ ಭಾಷೆಯಲ್ಲಿ ‘ಇಲ್ಲ’ ಎಂಬುದಕ್ಕೆ ಯೊಕ್, ‘ಅಲ್ಲ’ ಎಂಬುದಕ್ಕೆ ದೆಯಿಲ್. ಚಾಯ್ ಯೊಕ್ ಎಂದರೆ ಚಹಾ ಇಲ್ಲ. ಬು ಚಾಯ್ ದೆಯಿಲ್ ಎಂದರೆ ಇದು ಚಹಾ ಅಲ್ಲ. ‘ಇದೆ’ ಎಂಬುದಕ್ಕೆ ವಾರ್, ‘ಇದೆಯೇ?’ ಎಂಬುದಕ್ಕೆ ವಾರ್ ಮಿ? ನಮ್ಮ ಪ್ರಶ್ನಾರ್ಥಕ ‘ಏ’ಕಾರದಂತೆ ಈ ‘ಮಿ’ ಯಾವ ಪದವನ್ನು ಕುರಿತು ಪ್ರಶ್ನೆಯೋ ಅದರ ಬೆನ್ನಿಗೆ ಬರುತ್ತದೆ. ಸ್ಯುತ್ ವಾರ್ ಮಿ? ಹಾಲು ಇದೆಯೇ? ವಾರ್, ಯೊಕ್, ವಾರ್ ಮಿ ಎಂಬ ಈ ಮೂರನ್ನು ಮೊದಲ ದಿನವೇ ಕಲಿತು, ಅವುಗಳ ಮುಂದೆ ಒಂದೊಂದೇ ನಾಮಪದವನ್ನು ಇಡುತ್ತ ಹೋಗಿ. ಸು ನೀರು, ಸ್ಯುತ್ ಹಾಲು, ಎಕ್ಮೆಕ್ ಬ್ರೆಡ್, ತುಜ಼್ ಉಪ್ಪು, ಶೆಕೆರ್ ಸಕ್ಕರೆ. ಒಂದು ವಾರದಲ್ಲಿ ನಲವತ್ತು ವಾಕ್ಯಗಳು ನಿಮ್ಮವಾಗುತ್ತವೆ. ಇಂಥ ಇನ್ನೊಂದು ಅಚ್ಚು ‘ಬೇಕು’. ಬನಾ ಎಂದರೆ ನನಗೆ, ಲಾಜ಼ಿಮ್ ಎಂದರೆ ಬೇಕು. ಬನಾ ಬಿರ್ ದೊಕ್ತೊರ್ ಲಾಜ಼ಿಮ್ ಎಂದರೆ ನನಗೆ ಒಬ್ಬ ಡಾಕ್ಟರು ಬೇಕು. ಅಂಗಡಿಯಲ್ಲಿ ಮಾತ್ರ ವಸ್ತುವಿನ ಹೆಸರು ಹೇಳಿ ಲ್ಯುತ್‌ಫೆನ್ (ದಯವಿಟ್ಟು) ಎಂದರೆ ಸಾಕು.

ಉಚ್ಚಾರಣೆಯ ವಿಷಯದಲ್ಲಿ ಒಂದು ಸಮಾಧಾನ, ಮೂರು ಎಚ್ಚರಿಕೆ. ಸಮಾಧಾನವೆಂದರೆ, ಬರೆದಂತೆ ಓದುವ ನಮ್ಮ ರೂಢಿ ಅಲ್ಲಿಯೂ ಬಹುಮಟ್ಟಿಗೆ ನಡೆಯುತ್ತದೆ. ಅರಬ್ಬೀ ಮೂಲದ ಲಿಪಿಯನ್ನು ಬಿಟ್ಟು, 1928ರ ನವೆಂಬರಿನಲ್ಲಿ ಕಾನೂನು ಮಾಡಿ, ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ ಅವರ ನೇತೃತ್ವದಲ್ಲಿ 29 ಅಕ್ಷರಗಳ ಲ್ಯಾಟಿನ್ ವರ್ಣಮಾಲೆಯನ್ನು ತಂದಾಗ ಒಂದು ಧ್ವನಿಗೆ ಒಂದು ಅಕ್ಷರವೆಂಬ ನಿಯಮವನ್ನೇ ಅವರು ಹಿಡಿದಿದ್ದರು. ಆದರೆ ಇಂಗ್ಲಿಷಿನಲ್ಲಿ ನಾವು ‘ಸಿ’ ಎನ್ನುವ ಅಕ್ಷರ ಅಲ್ಲಿ ‘ಜ’. ಅದೇ ಅಕ್ಷರಕ್ಕೆ ಕೆಳಗೆ ಬಾಲವಿದ್ದರೆ ‘ಚ’. ‘ಎಸ್’ಗೆ ಬಾಲವಿದ್ದರೆ ‘ಶ’. ‘ಜಿ’ ಅಕ್ಷರದ ತಲೆಯ ಮೇಲೆ ಬಟ್ಟಲಿನಂಥ ಗುರುತಿದ್ದರೆ ಅದಕ್ಕೆ ಸ್ವಂತ ಸದ್ದಿಲ್ಲ, ಹಿಂದಿನ ಸ್ವರವನ್ನು ಕೊಂಚ ಎಳೆಯುತ್ತದೆ. ಎರಡನೆಯದಾಗಿ, ಅಲ್ಲಿ ಟ, ಡ, ಣ, ಳ ಇಲ್ಲ. ಅವರ ‘ಟಿ’, ‘ಡಿ’ ಅಕ್ಷರಗಳು ನಮ್ಮ ತ, ದಗಳೇ. ಇಂಗ್ಲಿಷ್ ಅಭ್ಯಾಸದಿಂದ ‘ಟುಜ಼್’ ಎನ್ನದೆ ‘ತುಜ಼್’ ಎನ್ನಿ. ಮೂರನೆಯದು ಕನ್ನಡದಲ್ಲಿಲ್ಲದ ಮೂರು ಸ್ವರಗಳು. ‘ಇ’ ಎನ್ನುವ ನಾಲಿಗೆಯನ್ನು ಕದಲಿಸದೆ ತುಟಿಗಳನ್ನು ಮಾತ್ರ ‘ಉ’ ಎನ್ನುವಂತೆ ದುಂಡಗೆ ಮಾಡಿದರೆ ಒಂದು. ಹಾಗೆಯೇ ‘ಎ’ ಎನ್ನುತ್ತ ತುಟಿ ದುಂಡಗೆ ಮಾಡಿದರೆ ಇನ್ನೊಂದು. ‘ಉ’ ಎನ್ನುತ್ತ ತುಟಿಗಳನ್ನು ಅಗಲಿಸಿದರೆ ಮೂರನೆಯದು. ಇವುಗಳಿಗೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲದ ಕಾರಣ, ಮೊದಲೆರಡನ್ನು ‘ಸ್ಯುತ್’, ‘ಕ್ಯೊಯ್’ ಎಂಬಂತೆ ಯಕಾರದ ಒತ್ತು ಕೊಟ್ಟೂ ಮೂರನೆಯದನ್ನು ‘ಇ’ ಎಂದೂ ಇಲ್ಲಿ ಬರೆದಿದ್ದೇನೆ. ಮಗಳಿಗೆ ಫೋನು ಮಾಡಿ ಒಮ್ಮೆ ಕಿವಿಯಾರೆ ಕೇಳಿಸಿಕೊಂಡು ತಿದ್ದಿಕೊಳ್ಳಿ. ಪ್ರತ್ಯಯದ ಸ್ವರವು ಪದದ ಕೊನೆಯ ಸ್ವರಕ್ಕೆ ಹೊಂದಿಕೊಂಡು ಬದಲಾಗುವುದೂ ಉಂಟು: ಎವ್‌ದೆ ಎನ್ನುವವರು ಒಕುಲ್ (ಶಾಲೆ) ಎಂಬುದಕ್ಕೆ ಒಕುಲ್‌ದಾ ಎನ್ನುತ್ತಾರೆ. ಇದನ್ನು ಸೂತ್ರವಾಗಿ ಉರುಹೊಡೆಯಬೇಡಿ. ತಪ್ಪಿದರೂ ಅರ್ಥವಾಗುತ್ತದೆ, ಕೇಳುತ್ತ ಕೇಳುತ್ತ ಬಾಯಿಗೆ ತಾನೇ ಹತ್ತುತ್ತದೆ.

ಈಗ ನಿಮಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುವ ಮಾತುಗಳಿಗೆ ಬರುತ್ತೇನೆ. ನಮಸ್ಕಾರಕ್ಕೆ ಮೆರ್ಹಬಾ, ಬೆಳಗಿನ ವೇಳೆ ಗ್ಯುನಾಯ್‌ದಿನ್, ಹೌದು ಎವೆತ್, ಸರಿ ಅಥವಾ ಆಯ್ತು ಎನ್ನಲು ತಮಾಮ್, ಹೇಗಿದ್ದೀರಿ ಎನ್ನಲು ನಾಸಿಲ್‌ಸಿನಿಜ಼್, ಕ್ಷಮಿಸಿ ಎನ್ನಲು ಅಫ್ಫೆದೆರ್ಸಿನಿಜ಼್, ಧನ್ಯವಾದಕ್ಕೆ ತೆಶೆಕ್ಕ್ಯುರ್ ಎದೆರಿಮ್ ಇವೆಲ್ಲ ಯಾವ ಕೈಪಿಡಿಯಲ್ಲಾದರೂ ಸಿಗುತ್ತವೆ. ಆದರೆ ಟರ್ಕಿಯ ನೆರೆಹೊರೆಯ ಬದುಕು ನಡೆಯುವುದು ಹಾರೈಕೆಗಳ ಮೇಲೆ, ಪ್ರತಿ ಸಂದರ್ಭಕ್ಕೂ ಅಲ್ಲಿ ಒಂದು ಹಾರೈಕೆ ಸಿದ್ಧವಿದೆ. ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಇವು ವಿಚಿತ್ರವಾಗಿ ಕಾಣುತ್ತವೆ. ನಮಗಾದರೋ ಇವು ‘ಒಳ್ಳೆಯದಾಗಲಿ’ ಎಂಬ ಮಾತಿನ ಸಾಲಿಗೇ ಸೇರಿದವು. ಅವರ ‘ಒಲ್ಸುನ್’ ನಮ್ಮ ‘ಆಗಲಿ’. ಹೊಸ ಮನೆ, ಹೊಸ ಅಂಗಡಿ, ಹೊಸ ಕೆಲಸ ಯಾವುದನ್ನು ಕಂಡರೂ ಹಯಿರ್ಲಿ ಒಲ್ಸುನ್ ಎನ್ನಬೇಕು, ಅಕ್ಷರಶಃ ‘ಒಳ್ಳೆಯದಾಗಲಿ’. ಕಾಯಿಲೆ ಬಿದ್ದವರಿಗೆ ಗೆಚ್ಮಿಶ್ ಒಲ್ಸುನ್, ಅಂದರೆ ‘ಕಳೆದುಹೋದದ್ದಾಗಲಿ’. ಊಟ ಮಾಡುವವರಿಗೆ ಆಫಿಯೆತ್ ಒಲ್ಸುನ್, ‘ತಿಂದದ್ದು ಮೈಗೂಡಲಿ’ ಎಂಬ ಭಾವ. ಅಡುಗೆ ಮಾಡಿ ಬಡಿಸಿದವರಿಗೆ ಎಲಿನಿಜ಼ೆ ಸಾಲಿಕ್, ‘ನಿಮ್ಮ ಕೈಗೆ ಆರೋಗ್ಯ’. ಸೀನಿದವರಿಗೆ ಚೊಕ್ ಯಾಶಾ, ‘ಬಹುಕಾಲ ಬಾಳು’. ನಮ್ಮ ಮನೆಗಳಲ್ಲಿ ಸೀನಿದ ಮಗುವಿಗೆ ಅಜ್ಜಿಯರು ‘ಚಿರಂಜೀವಿ’ ಎನ್ನುವುದು ಇದನ್ನೇ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಪ್ರಿಯವಾದ ಮಾತು ಕೊಲಾಯ್ ಗೆಲ್ಸಿನ್, ‘ಸುಲಭವಾಗಿ ಬರಲಿ’ ಎಂದು. ಕೆಲಸದಲ್ಲಿ ತೊಡಗಿರುವ ಯಾರನ್ನು ಕಂಡರೂ ಇದನ್ನು ಹೇಳಬಹುದು: ಮೆಟ್ಟಿಲು ತೊಳೆಯುವವಳಿಗೆ, ಬ್ರೆಡ್ ಮಾರುವವನಿಗೆ, ಲೆಕ್ಕ ಬರೆಯುತ್ತ ಕುಳಿತವನಿಗೆ. ಮಗಳ ಮನೆಯ ಕಟ್ಟಡದ ಬಾಗಿಲಲ್ಲಿ ಕೆಲಸದವರು ಇದ್ದರೆ ಮೊದಲ ದಿನವೇ ನಿಂತು “ಕೊಲಾಯ್ ಗೆಲ್ಸಿನ್” ಎಂದು ನೋಡಿ. ಮೆರ್ಹಬಾ ಎಂದರೆ ನೀವು ಪ್ರವಾಸಿ. ಕೊಲಾಯ್ ಗೆಲ್ಸಿನ್ ಎಂದರೆ ಆ ಓಣಿಯವರು.

ನೀವು ಬಾಣಂತನಕ್ಕೆ ಹೋಗುವವರಾದ್ದರಿಂದ ಕೈಪಿಡಿಗಳಲ್ಲಿ ಸಿಗದ ಒಂದಷ್ಟು ಪದಗಳನ್ನು ಮುಖ್ಯವಾಗಿ ಹೇಳಬೇಕು. ಬಾಣಂತಿಗೆ ಅವರಲ್ಲಿ ಒಂದೇ ಪದವಿದೆ: ಲೊಹುಸಾ. ಹೆರಿಗೆಯ ನಂತರದ ನಲವತ್ತು ದಿನಗಳಿಗೆ ಅಲ್ಲಿಯೂ ವಿಶೇಷವಿದೆ. ಆ ಅವಧಿ ಮುಗಿಯುವುದಕ್ಕೆ ‘ನಲವತ್ತು ಹೊರಬಂತು’ ಎಂಬರ್ಥದ ಮಾತನ್ನೇ ಬಳಸುತ್ತಾರೆ. ಮಗುವನ್ನು ನೋಡಲು ಬಂದವರಿಗೆ ಲೊಹುಸಾ ಶೆರ್ಬೆತಿ ಎಂಬ ಕೆಂಪು ಶರಬತ್ತನ್ನು ಕೊಡುವ ಪದ್ಧತಿಯೂ ಇದೆ. ಬಂದವರು ನಿಮಗೆ ಗ್ಯೊಜ಼್ಯುನ್ಯುಜ಼್ ಆಯ್‌ದಿನ್ ಎನ್ನುತ್ತಾರೆ, ‘ನಿಮ್ಮ ಕಣ್ಣು ಬೆಳಗಲಿ’ ಎಂಬ ಶುಭಾಶಯ. ಉತ್ತರವಾಗಿ ತೆಶೆಕ್ಕ್ಯುರ್ ಎದೆರಿಮ್ ಎಂದರೆ ಸಾಕು. ಮಗುವನ್ನು ಕಂಡೊಡನೆ ಮಾಶಾಲ್ಲಾ ಎನ್ನುತ್ತಾರೆ, ‘ದೇವರು ಬಯಸಿದಂತೆ’ ಎಂದರ್ಥ. ಕೆಲವರು ನಜ಼ರ್ ದೆಯ್‌ಮೆಸಿನ್ ಎಂದೂ ಸೇರಿಸುತ್ತಾರೆ. ನಜ಼ರ್ ಎಂದರೆ ದೃಷ್ಟಿ, ದೆಯ್‌ಮೆಕ್ ಎಂದರೆ ತಾಗು, ‘ದೃಷ್ಟಿ ತಾಗದಿರಲಿ’. ನೀವು ದೃಷ್ಟಿಬೊಟ್ಟು ಇಡುವ ಕಡೆ ಅವರು ನೀಲಿ ಗಾಜಿನ ಕಣ್ಣಿನ ಮಣಿಯನ್ನು ಸಿಕ್ಕಿಸುತ್ತಾರೆ. ಪಕ್ಕದ ಮನೆಯವರು ಅಂಥದ್ದೊಂದನ್ನು ತಂದರೆ ಅದು ಅಕ್ಕರೆಯ ಕೊಡುಗೆ ಎಂದು ತಿಳಿದು ತೆಗೆದುಕೊಳ್ಳಿ. ಇನ್ನು ನೀವು ಆ ಮಗುವಿಗೆ ಅನ್ನೆಅನ್ನೆ: ಅನ್ನೆ ಎಂದರೆ ಅಮ್ಮ, ಎರಡು ಸಲ ಹೇಳಿದರೆ ಅಮ್ಮನ ಅಮ್ಮ. ನಮ್ಮ ಕರಾವಳಿಯವರ ‘ಅಮ್ಮಮ್ಮ’ ಹಾಗೆಯೇ ಹುಟ್ಟಿದ ಪದ. ಯಜಮಾನರು ದೆದೆ, ಮೊಮ್ಮಗು ತೊರುನ್.

ಸಂಬಂಧವಾಚಕಗಳ ವಿಷಯಕ್ಕೆ ಬಂದರೆ, ಟರ್ಕಿಶ್ ಭಾಷೆ ಇಂಗ್ಲಿಷಿನಂತೆ ಎಲ್ಲರನ್ನೂ ಒಂದೇ ಹೆಸರಿನಲ್ಲಿ ಮುಗಿಸುವುದಿಲ್ಲ. ಅಪ್ಪನ ತಮ್ಮ ಅಥವಾ ಅಣ್ಣ ಅಮ್ಜಾ, ಸೋದರಮಾವ ದಾಯಿ, ಸೋದರತ್ತೆ ಹಾಲಾ, ಅಮ್ಮನ ತಂಗಿ ಅಥವಾ ಅಕ್ಕ ತೆಯ್‌ಜ಼ೆ. ಅಪರಿಚಿತ ಹಿರಿಯ ಹೆಂಗಸನ್ನೂ ತೆಯ್‌ಜ಼ೆ ಎಂದೇ ಕರೆಯುವುದರಿಂದ, ತರಕಾರಿಯ ಹುಡುಗ ನಿಮ್ಮನ್ನು ಹಾಗೆ ಕೂಗಿದರೆ ಅದು ನಮ್ಮ ಕಡೆಯ ‘ಅಜ್ಜೀ’, ‘ಅಮ್ಮಾ’ ಎಂಬ ಕರೆಯಂತೆಯೇ. ನಿಮಗಿಂತ ತುಸು ದೊಡ್ಡವಳಿಗೆ ಅಬ್ಲಾ (ಅಕ್ಕ), ಗಂಡಸಿಗೆ ಆಬಿ (ಅಣ್ಣ). ಚಿಕ್ಕವರನ್ನು ಒಲುಮ್ (ಮಗನೇ), ಕಿಜ಼ಿಮ್ (ಮಗಳೇ) ಎಂದು ಕರೆಯುವ ಅಧಿಕಾರ ನಿಮ್ಮ ವಯಸ್ಸಿಗೆ ಇದೆ. ನೀನು ಎಂಬುದಕ್ಕೆ ಸೆನ್, ನೀವು ಎಂಬುದಕ್ಕೆ ಸಿಜ಼್; ಯಾರಿಗೆ ಯಾವುದೆಂಬುದನ್ನು ಹೊಸದಾಗಿ ಕಲಿಯಬೇಕಿಲ್ಲ, ಕನ್ನಡದಲ್ಲಿ ಬಾಯಿಗೆ ಬರುವುದನ್ನೇ ಅಲ್ಲಿಯೂ ಬಳಸಿ. ನೆರೆಯವರ ಹೆಸರಿನ ಮುಂದೆ ನಾವು ‘ಅವರು’ ಸೇರಿಸುವಂತೆ ಹೆಂಗಸರ ಹೆಸರಿಗೆ ಹನಿಮ್, ಗಂಡಸರ ಹೆಸರಿಗೆ ಬೆಯ್ ಸೇರಿಸಬೇಕು. ಕದ ತಟ್ಟಿದವರಿಗೆ ಬುಯುರುನ್ ಎನ್ನಿ: ಬನ್ನಿ, ಕುಳಿತುಕೊಳ್ಳಿ, ತೆಗೆದುಕೊಳ್ಳಿ, ಹೇಳಿ, ಈ ನಾಲ್ಕೂ ಅದರಲ್ಲಿ ಅಡಗಿವೆ. ಅವರು ಹೊಶ್ ಗೆಲ್ದಿನಿಜ಼್ ಎಂದು ನಿಮ್ಮನ್ನು ಸ್ವಾಗತಿಸಿದರೆ ಹೊಶ್ ಬುಲ್ದುಕ್ ಎಂದು ಮರುನುಡಿಯಬೇಕು, ಸುಮ್ಮನಿರಬಾರದು.

ತಲೆಯಾಡಿಸುವ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ನಮ್ಮ ಅತ್ತಿತ್ತಲ ತಲೆಯಾಟ ಅಲ್ಲಿ ಒಪ್ಪಿಗೆಯಾಗಿ ಕಾಣುವುದಿಲ್ಲ, ಆದ್ದರಿಂದ ಬಾಯಿಬಿಟ್ಟು ಎವೆತ್ ಎನ್ನಿ. ಹುಬ್ಬೇರಿಸಿ, ಗದ್ದವನ್ನು ತುಸು ಮೇಲೆತ್ತಿ, ನಾಲಿಗೆಯಿಂದ ‘ಚ್’ ಎಂದರೆ ಅವರು ‘ಇಲ್ಲ’ ಎಂದಂತಾಯಿತು; ಅದು ತಾತ್ಸಾರವಲ್ಲ.

ವಾರದ ಸಂತೆ ಅಲ್ಲಿಯೂ ಇದೆ. ಕಾದಿಕ್ಯೊಯ್‌ನಲ್ಲಿ ಹೆಸರಾದದ್ದು ಮಂಗಳವಾರದ ಸಂತೆ, ಸಾಲಿ ಪಜ಼ಾರಿ. ಪಜ಼ಾರ್ ಎಂದರೆ ನಮ್ಮ ಬಜಾರು. ಭಾನುವಾರಕ್ಕೂ ಅದೇ ಹೆಸರು. ಬೆಲೆ ಕೇಳಲು ನೆ ಕದಾರ್? ಎಂದರೆ ಎಷ್ಟು? ಯಾರಿಮ್ ಕಿಲೊ ಎಂದರೆ ಅರ್ಧ ಕಿಲೋ. ಈರುಳ್ಳಿ ಸೊಆನ್, ಬದನೆ ಪತ್ಲಿಜಾನ್, ಬೆಂಡೆ ಬಾಮ್ಯಾ, ಪುದೀನ ನಾನೆ. ಕಟ್ಟುಗಟ್ಟಲೆ ಹಸಿರಾಗಿ ಕಾಣುವ ಮಯ್‌ದಾನೊಜ಼್ ಎಂಬ ಸೊಪ್ಪನ್ನು ಕೊತ್ತಂಬರಿಯೆಂದು ತರಬೇಡಿ, ಅದು ಬೇರೆಯೇ. ಕೊತ್ತಂಬರಿಗೆ ಕಿಶ್ನಿಶ್ ಎಂದು ಕೇಳಬೇಕು. ಎಣಿಕೆ ಒಂದರಿಂದ ಹತ್ತರವರೆಗೆ ಬಿರ್, ಇಕಿ, ಉಚ್, ದ್ಯೊರ್ತ್, ಬೆಶ್, ಆಲ್ತಿ, ಯೆದಿ, ಸೆಕಿಜ಼್, ದೊಕುಜ಼್, ಒನ್. ಹನ್ನೊಂದು ‘ಹತ್ತು ಒಂದು’ ಎಂಬಂತೆ ಒನ್ ಬಿರ್, ಮುಂದೆಯೂ ಹೀಗೆಯೇ. ಇಪ್ಪತ್ತು ಯಿರ್ಮಿ, ಮೂವತ್ತು ಒತುಜ಼್, ನಲವತ್ತು ಕಿರ್ಕ್, ನೂರು ಯುಜ಼್, ಸಾವಿರ ಬಿನ್. ಐವತ್ತಕ್ಕೆ ಅವರು ಹೇಳುವುದು ಎಲ್ಲಿ. ಹೌದು, 50 ಎಂದರೆ ‘ಎಲ್ಲಿ’. ಈ ಒಂದು ಸಂಖ್ಯೆಯನ್ನು ಕನ್ನಡಿಗರು ಯಾರೂ ಮರೆಯುವುದಿಲ್ಲ. ಆದರೆ ನಮ್ಮ ‘ಎಲ್ಲಿ’ಗೆ ಅವರ ಪದ ನೆರೆದೆ: ಪಜ಼ಾರ್ ನೆರೆದೆ? ಸಂತೆ ಎಲ್ಲಿದೆ?

ಪದಸಂಪತ್ತಿನಲ್ಲಿಯೂ ನೀವು ಬರಿಗೈಯವರಲ್ಲ. ಪಾರಸಿ, ಅರಬ್ಬೀ ಪದಗಳು ಒಂದು ಕಡೆಯಿಂದ ಕನ್ನಡಕ್ಕೂ ಇನ್ನೊಂದು ಕಡೆಯಿಂದ ಟರ್ಕಿಶ್ ಭಾಷೆಗೂ ಸೇರಿವೆ. ಬಿರ್ ಶಿಶೆ ಸು ಎಂದರೆ ಒಂದು ಸೀಸೆ ನೀರು. ಸಬೂನ್ ಸಾಬೂನು, ಜೆಪ್ ಜೇಬು, ಪೆರ್ದೆ ಪರದೆ, ದ್ಯುಕ್ಕಾನ್ ದುಕಾನು, ಶೆಹಿರ್ ಶಹರ, ಹಾವಾ ಹವೆ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ನೀವು ನೋಡಿರಬಹುದು. ಅದರಲ್ಲಿನ ‘ಮೈದಾನ್’ ಎಂಬ ಪದ ಇಸ್ತಾಂಬುಲಿನ ತಕ್ಸಿಮ್ ಮೆಯ್ದಾನಿ ಎಂಬ ಚೌಕದ ಹೆಸರಿನಲ್ಲೂ ಇದೆ, ತೋಪು ಅವರ ‘ತೊಪ್’. ಕೆಲವು ಪದಗಳು ಮಾತ್ರ ಅರ್ಥ ಬದಲಿಸಿಕೊಂಡಿವೆ: ಮಿಸಾಫಿರ್ ಅಲ್ಲಿ ಪ್ರಯಾಣಿಕನಲ್ಲ, ಅತಿಥಿ, ಹೆಸಾಪ್ ಲೆಕ್ಕವೂ ಹೌದು, ಹೋಟೆಲಿನ ಬಿಲ್ಲೂ ಹೌದು.

ಊಟದ ವಿಷಯ ತುಸು ವಿವರವಾಗಿ ಹೇಳಬೇಕಾದದ್ದು. ‘ಶಾಕಾಹಾರಿ’ ಎಂಬುದಕ್ಕೆ ಪದವಿದ್ದರೂ ಅದನ್ನು ಮಾತ್ರ ನೆಚ್ಚಿಕೊಂಡರೆ ಸಾಲದು, ಏಕೆಂದರೆ ಮಾಂಸದ ತುಂಡು ಕಾಣದಿದ್ದರೆ ಅದು ಶಾಕಾಹಾರವೆಂದು ಭಾವಿಸುವವರು ಅಲ್ಲಿಯೂ ಇದ್ದಾರೆ. ಆದ್ದರಿಂದ ಬಿಡಿಸಿ ಹೇಳಿ: ಎತ್ ಯೆಮಿಯೊರುಮ್, ತಾವುಕ್ ಯೆಮಿಯೊರುಮ್, ಬಾಲಿಕ್ ಯೆಮಿಯೊರುಮ್; ಮಾಂಸ ತಿನ್ನುವುದಿಲ್ಲ, ಕೋಳಿ ತಿನ್ನುವುದಿಲ್ಲ, ಮೀನು ತಿನ್ನುವುದಿಲ್ಲ. ಮೊಟ್ಟೆಯೂ ಬೇಡವಾದರೆ ಯುಮುರ್ತಾ ಯೆಮಿಯೊರುಮ್ ಎನ್ನಿ. ಬಳಿಕ ಇಚಿಂದೆ ಎತ್ ವಾರ್ ಮಿ? ಎಂದು ಕೇಳಿ, ‘ಇದರೊಳಗೆ ಮಾಂಸ ಇದೆಯೇ?’ ಮೆರ್ಜಿಮೆಕ್ ಚೊರ್ಬಾಸಿ ಎಂಬ ಬೇಳೆಯ ಸಾರು ಎಲ್ಲೆಡೆ ಸಿಗುತ್ತದೆ, ನಮ್ಮ ನಾಲಿಗೆಗೆ ಒಗ್ಗುತ್ತದೆ. ಆದರೆ ಕೆಲವೆಡೆ ಅದನ್ನು ಮಾಂಸ ಬೇಯಿಸಿದ ನೀರಿನಲ್ಲಿ ಮಾಡುವುದರಿಂದ ಎತ್ ಸುಯು ವಾರ್ ಮಿ? ಎಂದು ಕೇಳದೆ ತಿನ್ನಬೇಡಿ. ಜ಼ೆಯ್ತಿನ್‌ಯಾಲಿ ಎಂಬ ಹೆಸರಿನಡಿ ಬರುವ, ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ತರಕಾರಿಗಳು ಸಾಮಾನ್ಯವಾಗಿ ಮಾಂಸವಿಲ್ಲದವು. ಮಜ್ಜಿಗೆಗೆ ಆಯ್‌ರಾನ್, ಉಪ್ಪು ಹಾಕಿಯೇ ಕೊಡುತ್ತಾರೆ. ಚಹಾಕ್ಕೆ ಹಾಲು ಹಾಕುವ ಪದ್ಧತಿ ಅಲ್ಲಿಲ್ಲ. ಒಂದರ ಮೇಲೊಂದು ಕೂರುವ ಜೋಡಿ ಕೆಟಲಿನಲ್ಲಿ ಮೇಲಿನದರಲ್ಲಿ ಗಟ್ಟಿ ಡಿಕಾಕ್ಷನ್, ಕೆಳಗಿನದರಲ್ಲಿ ಕುದಿವ ನೀರು. ನಡು ಸಣ್ಣಗಿರುವ ಗಾಜಿನ ಲೋಟಕ್ಕೆ ಮೊದಲು ಡಿಕಾಕ್ಷನ್, ಮೇಲೆ ನೀರು. ತೆಳುವಾಗಿ ಬೇಕಾದರೆ ಆಚಿಕ್, ಗಟ್ಟಿಯಾಗಿ ಬೇಕಾದರೆ ದೆಮ್ಲಿ ಎನ್ನಿ. ಲೋಟ ಬರಿದಾದರೆ ಮತ್ತೆ ತುಂಬುತ್ತಾರೆ. ಸಾಕಾದಾಗ ಚಮಚವನ್ನು ಲೋಟದ ಬಾಯಿಗೆ ಅಡ್ಡಲಾಗಿ ಇಡುವುದು ಹಳೆಯ ಸೂಚನೆ.

ಕನ್ನಡವನ್ನು ನೆಚ್ಚಿ ಎಡವುವ ಜಾಗಗಳೂ ಇವೆ. ನಾವು ‘ನನಗೆ ಗೊತ್ತು’, ‘ನನಗೆ ಹಸಿವಾಗಿದೆ’ ಎಂದು ಚತುರ್ಥಿಯಲ್ಲಿ ಹೇಳುವುದನ್ನು ಅವರು ಪ್ರಥಮೆಯಲ್ಲಿ ‘ನಾನು ಬಲ್ಲೆ’, ‘ನಾನು ಹಸಿದೆ’ ಎಂಬಂತೆ ಹೇಳುತ್ತಾರೆ: ಬಿಲಿಯೊರುಮ್, ಆಜಿಕ್ತಿಮ್. ಅವನು, ಅವಳು, ಅದು ಮೂರಕ್ಕೂ ಅವರಲ್ಲಿ ‘ಒ’ ಒಂದೇ ಪದ; ಮಾತು ಯಾರ ಬಗ್ಗೆಯೆಂದು ಸಂದರ್ಭದಿಂದಲೇ ತಿಳಿಯಬೇಕು. ಹಾಗೆಂದು ಹೊಂದುವ ಕಡೆಗಳೇ ಹೆಚ್ಚು. ಇತರರಿಂದ ಕೇಳಿ ತಿಳಿದದ್ದನ್ನು ನಾವು ‘ಅಂತೆ’ ಸೇರಿಸಿ ಹೇಳುತ್ತೇವಲ್ಲ, ಅವರು ಕ್ರಿಯಾಪದಕ್ಕೆ ‘ಮಿಶ್’ ಸೇರಿಸುತ್ತಾರೆ: ಗೆಲ್ದಿ ಬಂದ, ಗೆಲ್ಮಿಶ್ ಬಂದನಂತೆ. ನಮ್ಮ ‘ಚಹಾ ಗಿಹಾ’ ಅವರಲ್ಲಿ ಚಾಯ್ ಮಾಯ್. ಹೊರಗೆ ಹೊರಟಾಗ ‘ಹೋಗಿ ಬರುತ್ತೇನೆ’ ಎಂಬ ನಮ್ಮ ಮಾತನ್ನು ಗಿದಿಪ್ ಗೆಲಿಯೊರುಮ್ ಎಂದು ಪದಕ್ಕೆ ಪದ ಹೇಳಬಹುದು. ದೂರ ಹೊರಟವರನ್ನು ಬೀಳ್ಕೊಡುವಾಗ ಮಾತ್ರ ಗ್ಯುಲೆ ಗ್ಯುಲೆ ಎಂಬುದನ್ನು ಉಳಿಯುವವರು ಹೇಳಬೇಕು, ಹೊರಡುವವರಲ್ಲ.

ನಾಲ್ಕು ತಿಂಗಳನ್ನು ಹೇಗೆ ಬಳಸಬೇಕೆಂದರೆ, ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಗಟ್ಟಿಯಾಗಿ ಬಾಯಿಬಿಟ್ಟು ಹೇಳಬೇಕು. ಸಾಧ್ಯವಾದರೆ ಯಜಮಾನರನ್ನು ಎದುರಿಗೆ ಕೂರಿಸಿಕೊಂಡು ಒಬ್ಬರು ಅಂಗಡಿಯವರಾಗಿ, ಒಬ್ಬರು ಗಿರಾಕಿಯಾಗಿ ಮಾತನಾಡಿ. ಮೊದಲ ತಿಂಗಳು ವಾರ್, ಯೊಕ್, ಎಣಿಕೆ ಮತ್ತು ಹಾರೈಕೆಗಳು. ಎರಡನೆಯ ತಿಂಗಳು ವಿಭಕ್ತಿ ಮತ್ತು ಹತ್ತಿಪ್ಪತ್ತು ಕ್ರಿಯಾಪದಗಳು. ಉಳಿದ ಎರಡು ತಿಂಗಳು ಹೊಸದನ್ನು ಹೆಚ್ಚು ಸೇರಿಸದೆ ಕೇಳುವುದಕ್ಕೆ ಮೀಸಲಿಡಿ. ಟರ್ಕಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಟಿಆರ್‌ಟಿಯ ರೇಡಿಯೊವನ್ನು ಅಡುಗೆಮನೆಯಲ್ಲಿ ಹಾಕಿಟ್ಟರೂ ಕಿವಿ ಪಳಗುತ್ತದೆ. ಟರ್ಕಿಶ್ ಭಾಷೆ, ಸಂಸ್ಕೃತಿಗಳನ್ನು ಹೊರದೇಶಗಳಲ್ಲಿ ಪರಿಚಯಿಸುವ ಯೂನುಸ್ ಎಮ್ರೆ ಸಂಸ್ಥೆಯವರು ಅಂತರಜಾಲದಲ್ಲಿ ಪಾಠಗಳನ್ನು ಇಟ್ಟಿದ್ದಾರೆ. ಅಂಕಾರಾ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಆರಂಭವಾದ ತ್ಯೊಮೆರ್ ಕೇಂದ್ರವೂ ವಿದೇಶಿಯರಿಗೆ ಕಲಿಸುವುದರಲ್ಲಿ ಹೆಸರಾದದ್ದು. ಪಾಠದ ವಿವರಣೆ ಯಾವ ಭಾಷೆಯಲ್ಲಿದ್ದರೂ ನಿಮ್ಮ ಟಿಪ್ಪಣಿಯನ್ನು ಮಾತ್ರ ಕನ್ನಡದಲ್ಲೇ ಬರೆದುಕೊಳ್ಳಿ: ಎಡಗಡೆ ಟರ್ಕಿಶ್ ವಾಕ್ಯ, ಬಲಗಡೆ ಅದೇ ಕ್ರಮದ ಕನ್ನಡ ವಾಕ್ಯ. ನೂರೈವತ್ತು ಪದಗಳು, ಮೂವತ್ತು ಮಾತುಗಳು ಕೈವಶವಾದರೆ ನಿಮ್ಮ ಎರಡೂವರೆ ತಿಂಗಳಿಗೆ ಧಾರಾಳ.

ಕೊನೆಯದಾಗಿ ಯಜಮಾನರ ಆರೋಗ್ಯದ ವಿಷಯ. ಸಕ್ಕರೆ ಕಾಯಿಲೆಯನ್ನು ಅವರೂ ಶೆಕೆರ್ ಹಸ್ತಾಲಿಯಿ ಎಂದೇ ಕರೆಯುತ್ತಾರೆ. ಶೆಕೆರ್ ಎಂದರೆ ಸಕ್ಕರೆ, ಹಸ್ತಾಲಿಕ್ ಎಂದರೆ ಕಾಯಿಲೆ. ಎಶಿಮ್‌ದೆ ಶೆಕೆರ್ ವಾರ್ ಎಂದರೆ ‘ನಮ್ಮವರಿಗೆ ಸಕ್ಕರೆ ಇದೆ’. ಚಹಾ ಕೊಡುವಾಗ ಶೆಕೆರ್ಸಿಜ಼್ (ಸಕ್ಕರೆಯಿಲ್ಲದ್ದು) ಎನ್ನಿ. ಔಷಧಿ ಅಂಗಡಿಗೆ ಎಜ್‌ಜ಼ಾನೆ, ಔಷಧಿಗೆ ಇಲಾಚ್. ರಾತ್ರಿ ಮತ್ತು ರಜಾದಿನಗಳಲ್ಲಿ ಸರದಿಯ ಮೇಲೆ ತೆರೆದಿರುವ ಅಂಗಡಿಗೆ ನ್ಯೊಬೆತ್ಚಿ ಎಜ್‌ಜ಼ಾನೆ. ಯಾವುದು ತೆರೆದಿದೆಯೆಂಬುದನ್ನು ಮುಚ್ಚಿದ ಅಂಗಡಿಗಳ ಬಾಗಿಲಲ್ಲೂ ತೂಗುಹಾಕಿರುತ್ತಾರೆ. ಬಾಶಿಮ್ ಆರಿಯೊರ್ ಎಂದರೆ ತಲೆ ನೋಯುತ್ತಿದೆ. ‘ಬಾಶಿಮ್’ ಜಾಗದಲ್ಲಿ ಬೇರೆ ಅಂಗದ ಹೆಸರಿಟ್ಟರೆ ಬೇರೆ ನೋವು. ಯಜಮಾನರು ತೆಗೆದುಕೊಳ್ಳುವ ಮಾತ್ರೆಗಳ ಒಳದ್ರವ್ಯದ ಹೆಸರನ್ನು ಡಾಕ್ಟರಿಂದ ಲ್ಯಾಟಿನ್ ಅಕ್ಷರಗಳಲ್ಲಿ ಬರೆಸಿಕೊಂಡು ಹೋಗಿ, ಕಂಪನಿಯಿಟ್ಟ ಹೆಸರು ಅಲ್ಲಿ ಬೇರೆ ಇರಬಹುದು. ತುರ್ತು ಕರೆಗೆ ಸಂಖ್ಯೆ 112. ಕರೆ ಮಾಡಿದಾಗ ಮೊದಲು ಹೇಳಬೇಕಾದದ್ದು ವಿಳಾಸ. ಅದರ ಕ್ರಮ ಮಹಲ್ಲೆ, ಸೊಕಾಕ್, ನುಮಾರಾ, ಅಂದರೆ ಮೊಹಲ್ಲಾ, ಬೀದಿ, ಮನೆಯ ನಂಬರು. ಮಗಳಿಂದ ಇವನ್ನು ಈಗಲೇ ಬರೆಸಿಕೊಂಡು, ಅಂಕಿಗಳನ್ನೂ ಸೇರಿಸಿ ಟರ್ಕಿಶ್ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಳ್ಳಿ, ಯಜಮಾನರಿಗೂ ಮಾಡಿಸಿ.